ಬಡ್ಡಿಯೋ, ಅಸಲೋ?

ಜುಲೈ ಬಂತೆಂದರೆ ನಮ್ಮ ತಂದೆ ಅಂಚೆಯವನ ದಾರಿ ಕಾಯುತ್ತಿದ್ದರು. ಯೂನಿಟ್ ಟ್ರಸ್ಟಿನ ಡಿವಿಡೆಂಡ್ ವಾರಂಟು ಕೈಸೇರಿದಾಗ ‘ಯೂನಿಟ್ ಬಡ್ಡಿ ಬಂತು’ ಎನ್ನುತ್ತಿದ್ದರು. ಅದು ಬಡ್ಡಿಯಲ್ಲ. ಈ ಒಂದು ಮಾತಿನ ಗೊಂದಲ ಬಿಡಿಸಲು ನಮ್ಮ ದೇಶಕ್ಕೆ ಐವತ್ತೇಳು ವರ್ಷ ಹಿಡಿಯಿತು.

ಟಿ.ಟಿ. ಕೃಷ್ಣಮಾಚಾರಿಯವರು ಅರ್ಥಮಂತ್ರಿಯಾಗಿದ್ದಾಗ, 1964ರಲ್ಲಿ, ಯೂನಿಟ್ ಟ್ರಸ್ಟಿನ ಯುಎಸ್-64 ಯೋಜನೆ ಬಂತು. ಒಂದು ಯೂನಿಟ್ಟಿಗೆ 10 ರೂಪಾಯಿ ಮುಖಬೆಲೆ. ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಡಿವಿಡೆಂಡ್ ಶೇ 26ಕ್ಕೆ ಏರಿತು. ಆದರೆ ಯೂನಿಟ್ಟಿನ ಬೆಲೆಯನ್ನು ಟ್ರಸ್ಟೇ ಗೊತ್ತುಮಾಡುತ್ತಿತ್ತು; ಒಳಗಿನ ಆಸ್ತಿ ನಿಜಕ್ಕೂ ಎಷ್ಟು ಬಾಳುತ್ತದೆ ಎಂಬುದು ಹೊರಗಿನವರಿಗೆ ತಿಳಿಯುತ್ತಿರಲಿಲ್ಲ. 2001ರ ಜುಲೈಯಲ್ಲಿ ಆರು ತಿಂಗಳ ಕಾಲ ಯೂನಿಟ್ಟುಗಳ ಮಾರಾಟ, ಮರುಖರೀದಿ ಎರಡನ್ನೂ ನಿಲ್ಲಿಸಿದರು. ನಿಜವಾದ ಬೆಲೆ ಹೊರಬಿದ್ದಾಗ ಅದು ಮುಖಬೆಲೆಗಿಂತ ಬಹಳ ಕೆಳಗಿತ್ತು.

ಅಷ್ಟರಲ್ಲಿ ಬೇರೆ ನಿಧಿಗಳೂ ಬೆಳೆದಿದ್ದವು. 1987ರಲ್ಲಿ ಸ್ಟೇಟ್ ಬ್ಯಾಂಕ್, ಅದೇ ವರ್ಷದ ಕೊನೆಗೆ ನಮ್ಮ ಕೆನರಾ ಬ್ಯಾಂಕ್ ಮ್ಯೂಚುವಲ್ ಫಂಡ್ ತೆರೆದವು. 1993ರಲ್ಲಿ ಖಾಸಗಿಯವರು ಬಂದರು. ಕಂಪನಿಗಳ ಸಾಲಪತ್ರ ಕೊಂಡಿಟ್ಟುಕೊಳ್ಳುವ ನಿಧಿಗಳು ನಿವೃತ್ತರ ಮನೆಗೆ ಕಾಲಿಟ್ಟದ್ದು ಈ ದಾರಿಯಲ್ಲೇ.

ಇಂಥ ನಿಧಿಗಳ ಒಳಗುಟ್ಟು ಸರಳ. ಕಂಪನಿಗೆ ಎರಡು ವರ್ಷಕ್ಕೆ ಹಣ ಬೇಕು, ಸಾಲಪತ್ರ ಬರೆದುಕೊಡುತ್ತದೆ. ನಿಧಿ ಅದನ್ನು ಕೊಳ್ಳುತ್ತದೆ. ಬಡ್ಡಿ ಬಂದಂತೆ ನಿಮ್ಮ ಯೂನಿಟ್ಟಿನ ಮೌಲ್ಯ ಏರುತ್ತದೆ. ಆದರೆ ಪೇಟೆಯಲ್ಲಿ ಬಡ್ಡಿದರ ಶೇ 1ರಷ್ಟು ಏರಿದರೆ, ಕಡಿಮೆ ಬಡ್ಡಿಯ ಹಳೆಯ ಪತ್ರಗಳ ಬೆಲೆ ಇಳಿದು, ಸರಾಸರಿ ಎರಡು ವರ್ಷದ ಪತ್ರಗಳಿರುವ ನಿಧಿ ಹತ್ತಿರಹತ್ತಿರ ಶೇ 2ರಷ್ಟು ಕುಸಿಯುತ್ತದೆ. ಹತ್ತು ವರ್ಷದ ಪತ್ರಗಳಾದರೆ ಪೆಟ್ಟು ಬಹಳ ದೊಡ್ಡದು. ಅಲ್ಪಾವಧಿಯ ಪತ್ರಗಳಿಗೆ ಬೆಲೆ ಬಂದದ್ದು ಇದರಿಂದಲೇ. 2017ರಲ್ಲಿ ನಿಯಂತ್ರಕ ಸಂಸ್ಥೆಯಾದ ಸೆಬಿ ನಿಧಿಗಳನ್ನು ವಿಂಗಡಿಸಿ, ‘ಅಲ್ಪಾವಧಿ’ ಎಂಬ ಹೆಸರಿಗೆ ಒಂದರಿಂದ ಮೂರು ವರ್ಷದ ಗಡಿ ಹಾಕಿತು. ‘ಕಾರ್ಪೊರೇಟ್ ಬಾಂಡ್’ ಎನ್ನಬೇಕಾದರೆ ಶೇ 80ರಷ್ಟು ಹಣ ಸಾಲ ತೀರಿಸುವ ಶಕ್ತಿಯನ್ನು ಅಳೆಯುವ ಶ್ರೇಣಿಯಲ್ಲಿ ಎಎ ಪ್ಲಸ್ ಅಥವಾ ಅದಕ್ಕಿಂತ ಮೇಲಿರುವ ಪತ್ರಗಳಲ್ಲಿರಬೇಕೆಂದಿತು.

ಶ್ರೇಣಿಯನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. 2018ರ ಆಗಸ್ಟಿನಲ್ಲಿ ಅತ್ಯುನ್ನತ ಶ್ರೇಣಿಯಲ್ಲಿದ್ದ ಹಣಕಾಸು ಕಂಪನಿ ಐಎಲ್ ಆ್ಯಂಡ್ ಎಫ್‌ಎಸ್ ಸೆಪ್ಟೆಂಬರಿನಲ್ಲಿ ಸಾಲ ತೀರಿಸಲಾರದೆ ನಿಂತಿತು. 2020ರ ಏಪ್ರಿಲ್ 23ರಂದು, ಕೊರೊನಾ ಲಾಕ್ಡೌನ್ ನಡುವೆ, ಫ್ರಾಂಕ್ಲಿನ್ ಟೆಂಪಲ್ಟನ್ ಎಂಬ ಮ್ಯೂಚುವಲ್ ಫಂಡ್ ಸಂಸ್ಥೆ ತನ್ನ ಆರು ಸಾಲನಿಧಿಗಳನ್ನು ಮುಚ್ಚುವುದಾಗಿ ಹೇಳಿತು. ಅವುಗಳಲ್ಲಿದ್ದದ್ದು ಸುಮಾರು 25,000 ಕೋಟಿ ರೂಪಾಯಿ. ಒಂದರ ಹೆಸರಿನಲ್ಲೇ ‘ಅಲ್ಪಾವಧಿ ಆದಾಯ’ ಎಂದಿತ್ತು. ಯೂನಿಟ್ಟುದಾರರ ಒಪ್ಪಿಗೆಯಿಲ್ಲದೆ ಮುಚ್ಚುವಂತಿಲ್ಲ ಎಂದು ಅದೇ ವರ್ಷದ ಅಕ್ಟೋಬರಿನಲ್ಲಿ ತೀರ್ಪು ಕೊಟ್ಟದ್ದು ನಮ್ಮ ಕರ್ನಾಟಕ ಹೈಕೋರ್ಟು. ಸಾಮಾನ್ಯ ಉಳಿತಾಯದಾರನ ಪಾಲಿಗೆ ಅದು ದೊಡ್ಡ ತೀರ್ಪು ಎಂದೇ ನನ್ನ ಭಾವನೆ. ಸುಪ್ರೀಂ ಕೋರ್ಟಿನ ಆದೇಶದಂತೆ 2021ರ ಫೆಬ್ರುವರಿಯಿಂದ ಹಣ ಕಂತುಕಂತಾಗಿ ಹಿಂದಿರುಗಿತು. ಅಲ್ಲಿಯವರೆಗೆ ತಿಂಗಳ ಔಷಧಿಗೆ ಅದನ್ನೇ ನೆಚ್ಚಿಕೊಂಡಿದ್ದವರ ಸಂಕಟವನ್ನು ಊಹಿಸಿಕೊಳ್ಳಿ.

ಆರಂಭದಲ್ಲಿ ನಾನು ಹೇಳಿದ ಆ ‘ಬಡ್ಡಿ’ಯ ಗೊಂದಲ ಬಿಡಿಸಿದ್ದು 2021ರ ಏಪ್ರಿಲ್. ನಿಧಿಗಳು ಇನ್ನು ‘ಡಿವಿಡೆಂಡ್’ ಎನ್ನಬಾರದು, ‘ಆದಾಯ ಹಂಚಿಕೆ ಹಾಗೂ ಬಂಡವಾಳ ಹಿಂಪಡೆತ’ ಎನ್ನಬೇಕು ಎಂಬ ಸೆಬಿಯ ನಿಯಮ ಆಗ ಜಾರಿಗೆ ಬಂತು. ಹೆಸರು ಉದ್ದ, ಆದರೆ ಸತ್ಯ: ಕೈಗೆ ಬರುವ ಹಣದಲ್ಲಿ ನಿಮ್ಮದೇ ಅಸಲಿನ ಪಾಲೂ ಇರಬಹುದು.

ಈಗ ಹಲವರು ನಿಧಿಯಿಂದ ತಿಂಗಳಿಗಿಷ್ಟು ಎಂದು ತಾವೇ ಹಿಂತೆಗೆಯುತ್ತಾರೆ. ಹತ್ತು ಲಕ್ಷ ಹಾಕಿದ್ದೀರಿ, ವರ್ಷಕ್ಕೆ ಶೇ 7 ಬೆಳೆಯಿತು ಅಂತಿಟ್ಟುಕೊಳ್ಳಿ: 70,000 ರೂಪಾಯಿ. ತಿಂಗಳಿಗೆ 5,000 ತೆಗೆದರೆ ಅಸಲು ಉಳಿಯುತ್ತದೆ. 8,000 ತೆಗೆದರೆ ವರ್ಷಕ್ಕೆ 26,000 ರೂಪಾಯಿಯಷ್ಟು ಅಸಲನ್ನೇ ತಿಂದಂತೆ. 2023ರ ಏಪ್ರಿಲ್ 1ರಿಂದ ಸಾಲನಿಧಿಗೆ ಹಾಕಿದ ಹಣದ ಲಾಭಕ್ಕೆ, ಎಷ್ಟು ವರ್ಷ ಇಟ್ಟರೂ, ನಿಮ್ಮ ಆದಾಯದ ಹಂತದಂತೆಯೇ ತೆರಿಗೆ. ಅದನ್ನೂ ಲೆಕ್ಕಕ್ಕೆ ಸೇರಿಸಿ.

ಯಾವ ಯಾವ ಕಂಪನಿಗೆ ಸಾಲ ಕೊಟ್ಟಿದೆ ಎಂಬ ಪಟ್ಟಿಯನ್ನು ಸಾಲನಿಧಿ ಈಗ ಹದಿನೈದು ದಿನಕ್ಕೊಮ್ಮೆ ಪ್ರಕಟಿಸಬೇಕು. ನಮ್ಮ ತಂದೆಯ ಜುಲೈ ಲಕೋಟೆಯಲ್ಲಿ ಆ ಪಟ್ಟಿ ಇರುತ್ತಿರಲಿಲ್ಲ.