ಅಲ್ಯೂಮಿನಿಯಂ ಎಂಜಿನ್ನಿಗೆ ಸೈಲೆನ್ಸರ್ ಬೋಲ್ಟು: ಆಯ್ಕೆ ಮತ್ತು ಬಿಗಿತ



ಚನ್ನಪಟ್ಟಣ, ಕನಕಪುರ, ಮಾಗಡಿ ಕಡೆಗಳಿಂದ ರಾಮನಗರದ ಮಾರುಕಟ್ಟೆಗೆ ರೇಷ್ಮೆಗೂಡು ತರುವವರಿಗೆ ಹೊತ್ತಿನ ಬೆಲೆ ಚೆನ್ನಾಗಿ ಗೊತ್ತು. ಹುಳು ಗೂಡು ಕಟ್ಟಿದ ಸುಮಾರು ಹತ್ತು ಹನ್ನೆರಡು ದಿನಗಳಲ್ಲಿ ಚಿಟ್ಟೆ ಹೊರಬೀಳುತ್ತದೆ. ಚಿಟ್ಟೆ ಕೊರೆದ ಗೂಡು ನೂಲು ಬಿಚ್ಚಾಣಿಕೆಗೆ ಬಾರದು. ಅಂಥ ಬೆಳಗ್ಗೆ ಚೀಲ ಹೊತ್ತ ಮೊಪೆಡ್ಡಿನ ಸೈಲೆನ್ಸರ್ ನಡುದಾರಿಯಲ್ಲಿ ಕಳಚಿದರೆ ಆಗುವ ನಷ್ಟಕ್ಕೆ ಮೂಲ, ಹಲವು ವೇಳೆ, ಒಂದು ಚಿಕ್ಕ ಬೋಲ್ಟು.

ಹಳೆಯ ಡೀಸೆಲ್ ಪಂಪುಸೆಟ್ಟಿನ ಎಂಜಿನ್ನು ಎರಕದ ಕಬ್ಬಿಣದ್ದು. ಅದನ್ನು ಬಿಗಿದು ಪಳಗಿದ ಕೈ ಮೊಪೆಡ್ಡು, ಪೆಟ್ರೋಲ್ ಸ್ಪ್ರೇಯರ್, ಕಳೆ ಕೊಚ್ಚುವ ಯಂತ್ರಗಳಿಗೂ ಅದೇ ಬಲ ಹಾಕುತ್ತದೆ. ತಪ್ಪಾಗುವುದು ಇಲ್ಲೇ. ಅಲ್ಯೂಮಿನಿಯಂ ಮೆತ್ತನೆಯ ಲೋಹ. ಬಿಸಿಗೆ ಉಕ್ಕಿನ ಸುಮಾರು ಎರಡರಷ್ಟು ಹಿಗ್ಗುತ್ತದೆ. ಕಾದಾಗ, ಆರಿದಾಗ ಬೋಲ್ಟಿನ ಬಿಗಿತ ಬದಲಾಗುತ್ತಲೇ ಇರುತ್ತದೆ. ಅತಿಯಾಗಿ ಬಿಗಿದರೆ ಥ್ರೆಡ್ಡು ಕಿತ್ತುಬರುತ್ತದೆ. ಸ್ಪ್ಯಾನರಿಗೆ ಪೈಪು ತೊಡಿಸಿ ಎಳೆಯುವ ಚಾಳಿಯನ್ನಂತೂ ಇಲ್ಲಿ ಬಿಟ್ಟೇಬಿಡಬೇಕು.

ಬೋಲ್ಟು ಕೊಳ್ಳುವಾಗ ಹಳೆಯದನ್ನು ಅಂಗಡಿಗೆ ಒಯ್ಯುವುದು ಲೇಸು. ದಪ್ಪ, ಉದ್ದ, ಥ್ರೆಡ್ಡಿನ ಅಂತರ ಮೂರೂ ಹೊಂದಬೇಕು. 6 ಮಿ.ಮೀ. ಬೋಲ್ಟಿನ ಸಾಮಾನ್ಯ ಅಂತರ 1 ಮಿ.ಮೀ.; 8 ಮಿ.ಮೀ.ಯದಕ್ಕೆ 1.25. ದಪ್ಪದ ಒಂದೂವರೆಯಷ್ಟಾದರೂ ಥ್ರೆಡ್ಡು ಒಳಗೆ ಕೂರಬೇಕು. ಹೆಚ್ಚು ಉದ್ದವಾದರೆ ತುದಿ ತಳಕ್ಕೆ ತಾಗಿ ನಿಲ್ಲುತ್ತದೆ. ಬೋಲ್ಟು ಬಿಗಿಯಾದಂತೆ ಕಂಡರೂ ಸೈಲೆನ್ಸರ್ ಸಡಿಲವೇ. ತಲೆಯ ಮೇಲೆ 8.8 ಎಂಬ ಗುರುತಿದ್ದರೆ ಸಾಕು, ಅದಕ್ಕಿಂತ ಗಟ್ಟಿಯಾದುದರಿಂದ ಲಾಭವಿಲ್ಲ. ಮೊದಲು ಸೋಲುವುದು ಅಲ್ಯೂಮಿನಿಯಮ್ಮೇ. ನೈಲಾನ್ ಬಳೆಯ ನಟ್ಟು ಬೇಡ, ಶಾಖಕ್ಕೆ ಕರಗುತ್ತದೆ.

ಬಿಗಿಮಾಡುವ ಮೊದಲು ಎಂಜಿನ್ನು ಪೂರ್ತಿ ಆರಿರಬೇಕು. ಹಳೆಯ ಪ್ಯಾಕಿಂಗ್ ತೆಗೆದು ಹೊಸದನ್ನು ಕೂರಿಸಿ, ಬೋಲ್ಟುಗಳನ್ನು ಬೆರಳಿನಿಂದಲೇ ನಾಲ್ಕೈದು ಸುತ್ತು ತಿರುಗಿಸಬೇಕು. ಬೆರಳಿಗೆ ಬಗ್ಗದಿದ್ದರೆ ಓರೆಯಾಗಿ ಹತ್ತಿದೆ ಎಂದರ್ಥ. ಆಮೇಲೆ ಇದಕ್ಕಿಷ್ಟು ಅದಕ್ಕಿಷ್ಟು ಎಂದು ಸರದಿಯಂತೆ ಬಿಗಿಯಬೇಕು.

ಎಷ್ಟು ಬಿಗಿ? ಯಂತ್ರದ ಕೈಪಿಡಿ ಹೇಳಿದಷ್ಟು. ಕೈಪಿಡಿ ಇಲ್ಲದಿದ್ದರೆ 6 ಮಿ.ಮೀ. ಬೋಲ್ಟಿಗೆ ಸುಮಾರು 1 ಕಿಲೋ-ಮೀಟರ್, ಅಂದರೆ ಒಂದು ಮೀಟರ್ ಉದ್ದದ ಹಿಡಿಯ ತುದಿಯಲ್ಲಿ ಒಂದು ಕಿಲೋ ಭಾರ, 8 ಮಿ.ಮೀ.ಗೆ ಎರಡು. ಟಾರ್ಕ್ ರೆಂಚ್ ಇಲ್ಲದವರಿಗೂ ಉಪಾಯವಿದೆ. 15 ಸೆಂ.ಮೀ. ಉದ್ದದ ಸ್ಪ್ಯಾನರಿನ ತುದಿಗೆ ಸ್ಪ್ರಿಂಗ್ ತಕ್ಕಡಿಯ ಕೊಕ್ಕೆ ಸಿಕ್ಕಿಸಿ, ನೇರ ಅಡ್ಡಕ್ಕೆ ಎಳೆಯಬೇಕು. ಮುಳ್ಳು ಏಳು ಕಿಲೋ ಹತ್ತಿರ ಬಂದರೆ 6 ಮಿ.ಮೀ. ಬೋಲ್ಟಿಗೆ ಸಾಕು, 13ಕ್ಕೆ ಬಂದರೆ 8ರದಕ್ಕೆ. ಥ್ರೆಡ್ಡಿಗೆ ಶಾಖ ತಡೆಯುವ ಗ್ರೀಸು ಸವರಿದ್ದರೆ ಕಾಲು ಭಾಗ ಕಡಿಮೆ ಎಳೆಯಬೇಕು. ಜಾರುವ ಥ್ರೆಡ್ಡು ಅಷ್ಟೇ ಬಲಕ್ಕೆ ಹೆಚ್ಚು ಬಿಗಿಯುತ್ತದೆ. ಒಮ್ಮೆ ಓಡಿಸಿ, ಆರಿದ ಮೇಲೆ ಮತ್ತೆ ನೋಡಬೇಕು.

ಥ್ರೆಡ್ಡು ಹೋಗಿಯೇಬಿಟ್ಟಿದ್ದರೆ ಅಂಟು ಮೆತ್ತುವುದು ವ್ಯರ್ಥ. ಲೇತಿನವರ ಬಳಿ ಉಕ್ಕಿನ ಸುರುಳಿಯ ಹೊಸ ಥ್ರೆಡ್ಡು ಕೂರಿಸಿಕೊಳ್ಳಬಹುದು.

ಜೋಡಣೆಯ ಬಳಿ ಮಸಿಯ ಕಲೆ, ಪಟಪಟ ಸದ್ದು ಕಂಡರೆ ಹೊಗೆ ಸೋರುತ್ತಿದೆ. ಆ ಹೊಗೆಯಲ್ಲಿ ವಾಸನೆಯೇ ಇಲ್ಲದ ವಿಷಾನಿಲವೂ ಇರುತ್ತದೆ. ಹುಳುಮನೆಗೆ ಸೋಂಕುನಿವಾರಕ ಹೊಡೆಯುವಾಗ, ಬೋಲ್ಟು ಎಷ್ಟೇ ಬಿಗಿಯಿದ್ದರೂ, ಸ್ಪ್ರೇಯರಿನ ಎಂಜಿನ್ನನ್ನು ಹೊರಗಿಟ್ಟು ಉದ್ದದ ಪೈಪನ್ನಷ್ಟೇ ಒಳಗೆ ಒಯ್ಯಬೇಕು.