ರಣರಂಗದ ಬಾತ್ಮೀದಾರರು
(ನಮ್ಮ ಉಚಿತ ವಾಚನಾಲಯದಲ್ಲಿ ಮಾಡಿದ ಭಾಷಣ)



ಯುದ್ಧವೆಂದರೆ ಎಲ್ಲೋ ದೂರದ ಗಡಿಯಲ್ಲಿ ನಡೆಯುವುದೆಂದು ನಾವು ತಿಳಿಯುತ್ತೇವೆ. ಆದರೆ ನಮ್ಮ ತಿರುವೊಟ್ಟಿಯೂರಿನಿಂದ ಕೆಲವೇ ಮೈಲಿ ದಕ್ಷಿಣದ ಮದರಾಸು ಬಂದರಿನ ಮೇಲೆ 1914ರ ಸೆಪ್ಟೆಂಬರ್ 22ರ ರಾತ್ರಿ ಜರ್ಮನಿಯ ‘ಎಂಡನ್’ ಹಡಗು ನೂರಕ್ಕೂ ಹೆಚ್ಚು ಗುಂಡು ಹಾರಿಸಿತು. ಎಣ್ಣೆಯ ತೊಟ್ಟಿಗಳು ಹೊತ್ತಿ ಉರಿದವು. ಸುಮಾರು ಅರ್ಧ ಗಂಟೆಯಲ್ಲಿ ಹಡಗು ಹೊರಟುಹೋಯಿತು. ಆದರೂ ಅದು ಮತ್ತೆ ಬರುವುದೆಂಬ ಭಯದಿಂದ ಸಾವಿರಾರು ಜನ ಊರು ಬಿಟ್ಟರು. ಗುಂಡು ಮುಟ್ಟದವರನ್ನೂ ಗಾಳಿಸುದ್ದಿ ಮುಟ್ಟಿತು.

ಈ ಗಾಳಿಸುದ್ದಿಗೆ ಮದ್ದು ಯಾವುದು? ಸ್ಥಳಕ್ಕೆ ಹೋಗಿ, ಕಣ್ಣಾರೆ ಕಂಡು, ಕಂಡಷ್ಟನ್ನೇ ಬರೆಯುವ ಬಾತ್ಮೀದಾರನೇ ಮದ್ದು. 1854ರಲ್ಲಿ ಲಂಡನ್ನಿನ ‘ಟೈಮ್ಸ್’ ಪತ್ರಿಕೆಯ ವಿಲಿಯಂ ಹೋವಾರ್ಡ್ ರಸೆಲ್ ಕ್ರಿಮಿಯಾ ಯುದ್ಧಕ್ಕೆ ಹೋದನು. ತನ್ನ ದೇಶದ ಸಿಪಾಯಿಗಳು ರೋಗಕ್ಕೂ ಚಳಿಗೂ ಬಲಿಯಾಗುತ್ತಿದ್ದುದನ್ನು ಮುಚ್ಚಿಡದೆ ಬರೆದನು. ಸೇನಾಧಿಕಾರಿಗಳು ಸಿಟ್ಟಾದರು, ಜನ ಎಚ್ಚೆತ್ತರು, 1855ರಲ್ಲಿ ಮಂತ್ರಿಮಂಡಲವೇ ಉರುಳಿತು.

ನಮ್ಮ ಮದರಾಸಿನ ‘ಹಿಂದೂ’ ಪತ್ರಿಕೆಯ ಟಿ. ಜಿ. ನಾರಾಯಣನ್ ಅವರು ಎರಡನೆಯ ಮಹಾಯುದ್ಧದ ವರದಿಗಾರರು. ರಣರಂಗದ ಹಿಂದೆಯೇ ಇದ್ದ ಇನ್ನೊಂದು ಸಾವನ್ನೂ ಅವರು ಕಂಡರು. 1943ರ ಬಂಗಾಳದ ಬರಗಾಲವನ್ನು ಕುರಿತ ಅವರ ಪುಸ್ತಕ 1944ರಲ್ಲಿ ಹೊರಬಂದಿತು.

ಬಾತ್ಮೀದಾರನಿಗೂ ಮಿತಿಯುಂಟು. ಅವನು ಎಷ್ಟೋ ಸಲ ಸೈನ್ಯ ಕರೆದೊಯ್ದಲ್ಲಿಗೇ ಹೋಗಬೇಕು. ಅವನ ವರದಿ ಎಷ್ಟೋ ಸಲ ಸೆನ್ಸಾರಿನ ಕತ್ತರಿ ದಾಟಿ ಬರಬೇಕು. ಒಬ್ಬನ ಕಣ್ಣಿಗೆ ಒಂದು ಗುಡ್ಡ ಕಂಡೀತು, ಇಡೀ ಯುದ್ಧ ಕಾಣದು. ಅಷ್ಟನ್ನು ಕಾಣುವುದಕ್ಕೂ ಪ್ರಾಣವನ್ನೇ ತೆರಬೇಕಾದೀತು. ನಮ್ಮ ದೇಶದ ಛಾಯಾಚಿತ್ರಗಾರ, ರಾಯಿಟರ್ಸ್ ಸಂಸ್ಥೆಯ ದಾನಿಶ್ ಸಿದ್ದಿಕಿಯವರು 2021ರ ಜುಲೈ 16ರಂದು ಅಫ್ಘಾನಿಸ್ತಾನದ ಸ್ಪಿನ್ ಬೋಲ್ಡಕ್‌ನಲ್ಲಿ ಕೊಲ್ಲಲ್ಪಟ್ಟರು.

ಇತ್ತ, ಜಾಗ ಬಿಟ್ಟು ಏಳದೆ ಯುದ್ಧ ಹೇಳುವವರೂ ಇದ್ದಾರೆ. 2025ರ ಮೇ ತಿಂಗಳಲ್ಲಿ ಕರಾಚಿ ಬಂದರು ನಾಶವಾಯಿತೆಂದು ಕೆಲವು ಟಿ.ವಿ. ವಾಹಿನಿಗಳು ಸಾರಿದವು. ಬಂದರು ಇದ್ದಲ್ಲೇ ಇತ್ತು. ಎಂಡನ್ ಕಾಲದ ಗಾಳಿಸುದ್ದಿ ಬೀದಿಯಲ್ಲಿ ಕಾಲುನಡಿಗೆಯಲ್ಲಿ ಹೋಗುತ್ತಿತ್ತು; ಈಗ ನಮ್ಮ ಕಿಸೆಯ ಫೋನಿನೊಳಗೇ ಬಂದು ಕೂತಿದೆ.

ಆದುದರಿಂದ, ಪಾಳಿ ಮುಗಿಸಿ, ಆಫೀಸು ಮುಗಿಸಿ ಇಲ್ಲಿಗೆ ಬರುವ ಮಿತ್ರರಲ್ಲಿ ನನ್ನದೊಂದು ಬಿನ್ನಹ. ಯುದ್ಧದ ಸುದ್ದಿಗೆ ಕೈಹಾಕಿದಾಗ ದಪ್ಪಕ್ಷರದ ತಲೆಬರಹಕ್ಕಿಂತ ಮೊದಲು ಅದರ ಕೆಳಗಿನ ಸಣ್ಣ ಸಾಲನ್ನು ಓದಿರಿ. ಯಾವ ಊರಿನಿಂದ ಬರೆದದ್ದು? ಯಾವ ದಿನ? ಬರೆದವನು ಕಂಡನೋ, ಕೇಳಿದನೋ? ಇನ್ನೊಂದು ಪತ್ರಿಕೆ ಏನು ಹೇಳುತ್ತದೆ? ಎರಡೂ ಇದೇ ಮೇಜಿನ ಮೇಲಿವೆ. ಊರಿನಲ್ಲಿ ಮಗನನ್ನು ಸೈನ್ಯಕ್ಕೆ ಕಳಿಸಿದ ತಾಯಿಗೆ ನಾವು ಸುದ್ದಿ ಹೇಳುವ ಮುಂಚೆ ಇಷ್ಟನ್ನಾದರೂ ನೋಡಿರೋಣ.