ಹೈದರಾಬಾದ್ ಸಂಸ್ಥಾನದ ವಾರಸಾ ವ್ಯಾಜ್ಯಗಳು

ನಿಜಾಮರ ಆಳ್ವಿಕೆಯ ಹೈದರಾಬಾದ್ ಸಂಸ್ಥಾನದಲ್ಲಿ ಶ್ರೀಮಂತನೊಬ್ಬ ತೀರಿಕೊಂಡಾಗ ಅವನ ಆಸ್ತಿ ಎರಡು ಬಗೆಯ ನಿಯಮಗಳಿಗೆ ಒಳಪಡುತ್ತಿತ್ತು. ಮನೆ, ಒಡವೆ, ಸ್ವಂತ ದುಡ್ಡಿನಿಂದ ಕೊಂಡ ಜಮೀನು ಮೊದಲಾದವು ಮತ್ರೂಕಾ, ಅಂದರೆ ಮೃತನು ಬಿಟ್ಟುಹೋದ ಸ್ವತ್ತು ಎನಿಸಿಕೊಂಡು, ಮುಸ್ಲಿಂ ಮನೆತನಗಳಲ್ಲಿ ಷರೀಅತ್ತಿನ ಪ್ರಕಾರ ಹಂಚಿಕೆಯಾಗಬೇಕಿತ್ತು. ಜಾಗೀರಿನ ರೀತಿ ಬೇರೆ. ಹಳ್ಳಿಗಳ ಕಂದಾಯವನ್ನು ಅನುಭವಿಸುವ ಆ ಹಕ್ಕು ಜಾಗೀರುದಾರನ ಜೀವಿತಾವಧಿಗೆ ಮಾತ್ರ ಸೀಮಿತವಾಗಿದ್ದು, ಅವನ ಮರಣದೊಂದಿಗೆ ದೊರೆಗೆ ಮರಳುತ್ತಿತ್ತು. ವಿರಾಸತ್ ಎಂಬ ವಿಚಾರಣೆ ಮುಗಿದು ನಿಜಾಮರ ಮಂಜೂರಾತಿ ಸಿಕ್ಕಿದ ಮೇಲಷ್ಟೇ ಅದು ವಾರಸುದಾರನಿಗೆ ಹೊಸದಾಗಿ ದಕ್ಕುತ್ತಿತ್ತು.

ಈ ವ್ಯವಸ್ಥೆ ಕನ್ನಡ ನಾಡಿಗೆ ದೂರದ್ದಲ್ಲ. ಕೊಪ್ಪಳವು ನಿಜಾಮರ ದಿವಾನರಾಗಿದ್ದ ಸಾಲಾರ್ ಜಂಗ್ ಮನೆತನದ ಜಾಗೀರಾಗಿತ್ತು. ಚಿಂಚೋಳಿ, ಚಿಟಗುಪ್ಪಗಳು ಪಾಯಗಾಗಳಿಗೆ, ಅಂದರೆ ನಿಜಾಮರಿಗಾಗಿ ಸೈನ್ಯ ಸಾಕುವ ಷರತ್ತಿನ ಮೇಲೆ ಭೂಮಿ ಪಡೆದಿದ್ದ ಮನೆತನಗಳಿಗೆ ಸೇರಿದ್ದವು. ಹೈದರಾಬಾದಿನ ದೇವಡಿಗಳಲ್ಲಿ, ಅಂದರೆ ಶ್ರೀಮಂತರ ಮಹಲುಗಳಲ್ಲಿ, ನಡೆದ ಪಾಲಿನ ಜಗಳಗಳ ಹಿಂದೆ ಈ ಊರುಗಳ ರೈತರು ತೆತ್ತ ಕಂದಾಯವಿತ್ತೆಂಬುದನ್ನು ಚರಿತ್ರೆ ಬರೆಯುವವರು ಮರೆಯಬಾರದು.

ಇಂಥ ಜಗಳಗಳಲ್ಲಿ ಕಾನೂನಿನ ದೃಷ್ಟಿಯಿಂದ ಅತ್ಯಂತ ಮಹತ್ವದ್ದು ಪಾಯಗಾ ಮನೆತನದ ನವಾಬ್ ವಲೀಉದ್ದೌಲಾ ಅವರ ಆಸ್ತಿಗೆ ಸಂಬಂಧಿಸಿದ್ದು. ಅವರು 1935ರಲ್ಲಿ ನಿಧನರಾದಾಗ, ತಾವೂ ವಿಧಿವತ್ತಾಗಿ ಮದುವೆಯಾದ ಪತ್ನಿಯರೆಂದು ಇಬ್ಬರು ಮಹಿಳೆಯರು ತಮ್ಮ ಮಕ್ಕಳೊಂದಿಗೆ ಪಾಲು ಕೇಳಿದರು. ನವಾಬರ ಮತ್ತೊಬ್ಬ ಪತ್ನಿಯೂ ಆಕೆಯ ಮಕ್ಕಳೂ ಇದನ್ನು ಅಲ್ಲಗಳೆದರು. ಷರೀಅತ್ತಿನಂತೆ ಮಕ್ಕಳಿರುವ ವಿಧವೆಗೆ ಎಂಟನೆಯ ಒಂದು ಪಾಲು ಬರುತ್ತದೆ, ವಿಧವೆಯರು ಎಷ್ಟೇ ಮಂದಿಯಿದ್ದರೂ ಅಷ್ಟನ್ನೇ ಹಂಚಿಕೊಳ್ಳಬೇಕಾಗುತ್ತದೆ, ಮಗಳಿಗೆ ಮಗನ ಅರ್ಧದಷ್ಟು ಸಲ್ಲುತ್ತದೆ. ಆದ್ದರಿಂದ ಒಂದು ಮದುವೆಯನ್ನು ಒಪ್ಪಿದರೆ ಉಳಿದವರೆಲ್ಲರ ಪಾಲೂ ಕುಗ್ಗುತ್ತಿತ್ತು, ಒಪ್ಪದಿದ್ದರೆ ಆ ಹೆಣ್ಣಿನ ಮತ್ತು ಅವಳ ಮಕ್ಕಳ ಸ್ಥಾನವೇ ಅಳಿಸಿಹೋಗುತ್ತಿತ್ತು. ಮುಸ್ಲಿಂ ಧರ್ಮಶಾಸ್ತ್ರದ ವಿಷಯಗಳನ್ನು ತೀರ್ಮಾನಿಸುತ್ತಿದ್ದ ದಾರುಲ್ ಖಜಾ ನ್ಯಾಯಾಲಯದಲ್ಲಿ ಮೊದಲಾದ ವ್ಯಾಜ್ಯವನ್ನು ಅಲ್ಲಿಂದ ತೆಗೆದು ವಿಚಾರಣಾ ಆಯೋಗಕ್ಕೆ ಒಪ್ಪಿಸಲಾಯಿತು. ಆಮೇಲೆ 1947ರಲ್ಲಿ ನಿಜಾಮರ ಫರ್ಮಾನು, ಅಂದರೆ ರಾಜಾಜ್ಞೆ, ಆ ಮಹಿಳೆಯರ ವಿರುದ್ಧ ಬಂದಿತು, 1949ರಲ್ಲಿ ಮತ್ತೆ ಫರ್ಮಾನುಗಳು ಹೊರಟು ಫಲಿತಾಂಶ ಅತ್ತಿತ್ತ ಹೊಯ್ದಾಡಿತು. ಶಾಸನ, ನ್ಯಾಯ, ಆಡಳಿತ ಮೂರೂ ಒಬ್ಬ ದೊರೆಯ ಕೈಯಲ್ಲಿದ್ದುದರಿಂದ ಅವನ ಮಾತೇ ಕಾನೂನಾಗಿತ್ತು.

ಸಂವಿಧಾನ ಜಾರಿಗೆ ಬಂದ 1950ರಲ್ಲೇ ಈ ಒಂದು ಕುಟುಂಬಕ್ಕಾಗಿ ವಲೀಉದ್ದೌಲಾ ವಾರಸಾ ಕಾಯಿದೆ ಎಂಬ ಪ್ರತ್ಯೇಕ ಶಾಸನ ಹುಟ್ಟಿ, ಇಬ್ಬರು ಮಹಿಳೆಯರ ಮತ್ತು ಅವರ ಮಕ್ಕಳ ಹಕ್ಕನ್ನು ತಳ್ಳಿಹಾಕಿದ್ದಲ್ಲದೆ, ಯಾವ ನ್ಯಾಯಾಲಯದಲ್ಲೂ ಅದನ್ನು ಪ್ರಶ್ನಿಸಕೂಡದೆಂದೂ ವಿಧಿಸಿತು. ನಾಡಿನ ಎಲ್ಲ ಹೆಂಗಸರಿಗೂ ತೆರೆದಿರುವ ಬಾಗಿಲನ್ನು ಇಬ್ಬರಿಗೆ ಮಾತ್ರ ಮುಚ್ಚಿದ ಈ ಅನ್ಯಾಯವನ್ನು ಸರ್ವೋಚ್ಚ ನ್ಯಾಯಾಲಯ ಒಪ್ಪಲಿಲ್ಲ. ವಾರಸುದಾರಿಕೆಯ ತಕರಾರುಗಳು ಸಮಾಜದಲ್ಲಿ ಸಾಮಾನ್ಯವಾಗಿರುವಾಗ ಇವರನ್ನಷ್ಟೇ ಬೇರ್ಪಡಿಸಲು ಸಮಂಜಸ ಆಧಾರವಿಲ್ಲವೆಂದೂ, ಈ ಕಾಯಿದೆ ಸಮಾನತೆಯ ಹಕ್ಕನ್ನು ಸಾರುವ 14ನೇ ವಿಧಿಗೆ ವಿರುದ್ಧವೆಂದೂ ಅದು ತೀರ್ಪಿತ್ತಿತು. ಆಸ್ತಿಯ ಪಾಲು ಆ ತೀರ್ಪಿನಿಂದಲೇ ಅವರ ಕೈಸೇರಲಿಲ್ಲ, ವ್ಯಾಜ್ಯ ಮುಂದೆಯೂ ನಡೆಯಿತು; ಆದರೂ ಪಾಲಿಗಿಂತ ಮೊದಲು ಬೇಕಾದದ್ದು ಅಹವಾಲು ಹೇಳಿಕೊಳ್ಳುವ ಹಕ್ಕು, ಅದನ್ನು ಈ ತೀರ್ಪು ಕಾಯ್ದುಕೊಟ್ಟಿತು. ಸಮಾನತೆಯ ಹಕ್ಕಿನ ಚರ್ಚೆಯಲ್ಲಿ ವಕೀಲರು ಇಂದಿಗೂ ಇದನ್ನು ಉಲ್ಲೇಖಿಸುತ್ತಾರೆ.

ಸಾಲಾರ್ ಜಂಗ್ ಮನೆತನದ ಕಥೆ ಬೇರೊಂದು ದಾರಿ ಹಿಡಿಯಿತು. ಮೂರನೆಯ ಸಾಲಾರ್ ಜಂಗ್ ಮೀರ್ ಯೂಸುಫ್ ಅಲಿ ಖಾನ್ ಮದುವೆಯಾಗದೆ 1949ರ ಮಾರ್ಚ್ 2ರಂದು ತೀರಿಕೊಂಡಾಗ ನೇರ ವಾರಸುದಾರರಿರಲಿಲ್ಲ, ಹಕ್ಕುದಾರರೆಂದು ಮುಂದೆ ಬಂದ ಬಂಧುಗಳಿಗೆ ಕೊರತೆಯೂ ಇರಲಿಲ್ಲ. ಅದೇ ವರ್ಷ ಜಾಗೀರುಗಳೂ ರದ್ದಾದವು. ಅವರ ಕಲಾಸಂಗ್ರಹವು 1951ರ ಡಿಸೆಂಬರ್‌ನಲ್ಲಿ ಮನೆತನದ ನಿವಾಸವಾದ ದಿವಾನ್ ದೇವಡಿಯಲ್ಲೇ ವಸ್ತುಸಂಗ್ರಹಾಲಯವಾಗಿ ತೆರೆಯಿತು. 1958ರ ರಾಜಿಪತ್ರದ ಮೂಲಕ ವಾರಸುದಾರರು ಅದನ್ನು ರಾಷ್ಟ್ರಕ್ಕೆ ಬಿಟ್ಟುಕೊಟ್ಟರು, 1961ರಲ್ಲಿ ಸಂಸತ್ತು ಅದನ್ನು ರಾಷ್ಟ್ರೀಯ ಮಹತ್ವದ ಸಂಸ್ಥೆಯೆಂದು ಘೋಷಿಸಿತು. ತುಂಡುತುಂಡಾಗಿ ಮಾರಾಟವಾಗಬಹುದಾಗಿದ್ದ ಆ ಸಂಗ್ರಹವನ್ನು ಕೊಪ್ಪಳದ ರೈತನ ಮೊಮ್ಮಕ್ಕಳೂ ಇಂದು ಹೋಗಿ ನೋಡಬಹುದಾಗಿದೆ.

ಏಳನೆಯ ನಿಜಾಮ್ ಮೀರ್ ಉಸ್ಮಾನ್ ಅಲಿ ಖಾನ್ ತಮ್ಮ ಸಂಪತ್ತಿನ ಬಹುಭಾಗವನ್ನು ಬದುಕಿರುವಾಗಲೇ ಟ್ರಸ್ಟುಗಳಿಗೆ ವಹಿಸಿದರು. ಟ್ರಸ್ಟಿನಲ್ಲಿ ಸ್ವತ್ತು ಧರ್ಮದರ್ಶಿಗಳ ವಶದಲ್ಲಿರುತ್ತದೆ, ಅದರ ಲಾಭ ಪತ್ರದಲ್ಲಿ ಹೆಸರಿಸಿದ ಫಲಾನುಭವಿಗಳಿಗೆ ಸೇರುತ್ತದೆ. 1951ರ ಆಭರಣ ಟ್ರಸ್ಟಿನ ಒಡವೆಗಳು ದೀರ್ಘ ವ್ಯಾಜ್ಯದ ನಂತರ 1995ರಲ್ಲಿ ಸುಮಾರು 218 ಕೋಟಿ ರೂಪಾಯಿಗೆ ಕೇಂದ್ರ ಸರ್ಕಾರಕ್ಕೆ ಮಾರಾಟವಾದವು. 1948ರಲ್ಲಿ ಹೈದರಾಬಾದ್ ಸಂಸ್ಥಾನದ ಖಾತೆಯಿಂದ ಲಂಡನ್ನಿನ ಪಾಕಿಸ್ತಾನಿ ರಾಯಭಾರಿಯ ಖಾತೆಗೆ ವರ್ಗವಾಗಿದ್ದ ಹತ್ತು ಲಕ್ಷ ಪೌಂಡಿಗೂ ಮೀರಿದ ಹಣ ದಶಕಗಳ ಕಾಲ ಬ್ಯಾಂಕಿನಲ್ಲೇ ಸಿಕ್ಕಿಕೊಂಡು ಸುಮಾರು ಮೂರೂವರೆ ಕೋಟಿ ಪೌಂಡಾಗಿ ಬೆಳೆಯಿತು. 2019ರ ಅಕ್ಟೋಬರ್ 2ರಂದು ಅಲ್ಲಿನ ನ್ಯಾಯಾಲಯವು ಪಾಕಿಸ್ತಾನದ ವಾದವನ್ನು ತಿರಸ್ಕರಿಸಿ, ಭಾರತ ಸರ್ಕಾರ ಮತ್ತು ನಿಜಾಮರ ಮೊಮ್ಮಕ್ಕಳಾದ ಮುಕರ್ರಮ್ ಜಾ, ಮುಫಖ್ಖಮ್ ಜಾ ಅವರ ಪರವಾಗಿ ತೀರ್ಪು ನೀಡಿತು. ತಮಗೂ ಪಾಲಿದೆಯೆಂದು ಇತರ ವಂಶಜರು ಆ ತೀರ್ಪಿನ ನಂತರ ಬಾಗಿಲು ತಟ್ಟಿದಾಗ, 2020ರಲ್ಲಿ ಅದೇ ನ್ಯಾಯಾಲಯ ಅವರ ವಾದವನ್ನು ಆಲಿಸಿ, ಪ್ರಕರಣವನ್ನು ಮತ್ತೆ ತೆರೆಯಲು ನಿರಾಕರಿಸಿತು.